ನಾಲ್ಕೂವರೆ ಬಸ್ಸಿನ ಕಾಲೇಜು

ಹೋದ ತಿಂಗಳು ಅಣ್ಣನ ಮೊಮ್ಮಗಳ ನಾಮಕರಣಕ್ಕೆಂದು ಶ್ರೀನಿವಾಸಪುರಕ್ಕೆ ಹೊರಟಿದ್ದೆ. ಕೋಲಾರದಲ್ಲಿ ಬಸ್ಸು ಬದಲಾಯಿಸಿ ಕಿಟಕಿ ಪಕ್ಕದ ಸೀಟು ಹಿಡಿದು ಕೂತೆ. ಗೂಡು ಮಾರಿ ವಾಪಸು ಹೊರಟಿದ್ದ ರೈತರೊಬ್ಬರು ಖಾಲಿ ಚೀಲಗಳ ಕಟ್ಟನ್ನು ಹೊತ್ತುಕೊಂಡು ಹತ್ತಿದರು. ರೇಷ್ಮೆಗೂಡಿನ ವಾಸನೆ ಇಡೀ ಬಸ್ಸಿಗೆ ಹರಡಿತು. ಗೊತ್ತಿಲ್ಲದವರಿಗೆ ಆ ವಾಸನೆಯನ್ನು ವಿವರಿಸುವುದು ಕಷ್ಟ, ಗೊತ್ತಿರುವವರಿಗೆ ವಿವರಿಸಬೇಕಾಗಿಲ್ಲ. ಪಕ್ಕದಲ್ಲಿದ್ದ ಹುಡುಗಿ ದುಪಟ್ಟಾ ಎತ್ತಿ ಮೂಗಿಗೆ ಹಿಡಿದಳು. ನಾನು ಮಾತ್ರ ಎದೆ ತುಂಬ ಎಳೆದುಕೊಂಡೆ. ಹತ್ತೊಂಬತ್ತರ ಹರೆಯದಲ್ಲಿ ನನ್ನ ಸೀರೆಗೂ ಪುಸ್ತಕಕ್ಕೂ ಜಡೆಗೂ ಇದೇ ವಾಸನೆ ಇತ್ತು, ಅದಕ್ಕಾಗಿ ನಾನು ಯಾರ ಮುಂದೂ ತಲೆ ತಗ್ಗಿಸಿದವಳಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಕೋಲಾರದ ದೊಡ್ಡ ಕಾಲೇಜಿನಲ್ಲಿ ಎರಡನೇ ವರ್ಷದ ಬಿ.ಎ. ಓದುತ್ತಿದ್ದೆ. ದೊಡ್ಡ ಕಾಲೇಜು ಎಂದರೆ ಕಟ್ಟಡ ದೊಡ್ಡದಲ್ಲ, ಹುಡುಗರ ಸಂಖ್ಯೆ ದೊಡ್ಡದು. ನಮ್ಮ ಶ್ರೀನಿವಾಸಪುರದ ಕಡೆಯಿಂದ, ಮುಳಬಾಗಿಲಿನಿಂದ, ಹುತ್ತೂರಿನ ಸುತ್ತಿನ ಹಳ್ಳಿಗಳಿಂದ ಬೆಳಿಗ್ಗೆ ಬಸ್ಸುಗಟ್ಟಲೆ ಹುಡುಗರು ಬಂದು ಇಳಿಯುತ್ತಿದ್ದರು. ಮಾಲೂರಿನವರು ಹೆಚ್ಚಾಗಿ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತಿದ್ದರು. ಅಲ್ಲಿ ಸೀಟು ಸಿಗದವರು ಚಪ್ಪಲಿಯಲ್ಲಿ ಇಟ್ಟಿಗೆಯ ಕೆಂಪು ಧೂಳು ಮೆತ್ತಿಕೊಂಡು ನಮ್ಮಲ್ಲಿಗೆ ಬರುತ್ತಿದ್ದರು. ನಮ್ಮ ಕಾಲೇಜಿನಲ್ಲಿ ಹೊಸಬರು ಸಿಕ್ಕರೆ ಯಾವ ಕ್ಲಾಸು ಎಂದು ಕೇಳುವ ರೂಢಿಯೇ ಇರಲಿಲ್ಲ. ಯಾವ ಬಸ್ಸು ಎಂದು ಕೇಳುತ್ತಿದ್ದೆವು. ಒಂದೇ ಬೆಂಚಿನಲ್ಲಿ ಎರಡು ವರ್ಷ ಕೂತವರ ಹೆಸರು ಗೊತ್ತಿಲ್ಲದಿದ್ದರೂ ಅವರ ಬಸ್ಸು ಗೊತ್ತಿರುತ್ತಿತ್ತು.

ಸಂಜೆ ನಾಲ್ಕೂವರೆಗೆ ಎಲ್ಲ ಊರಿನ ಕೊನೆಯ ಬಸ್ಸುಗಳೂ ಸ್ಟ್ಯಾಂಡಿನಿಂದ ಹೊರಟು ಕಾಲೇಜಿನ ಗೇಟಿನ ಮುಂದೆ ಸಾಲಾಗಿ ನಿಂತು ಹಾರ್ನ್ ಹೊಡೆಯುತ್ತಿದ್ದವು. ಹಾರ್ನ್ ಕೇಳಿದ ಕೂಡಲೇ ಪಾಠ ಎಲ್ಲಿದ್ದರೂ ಅಲ್ಲಿಗೇ ನಿಲ್ಲುತ್ತಿತ್ತು. ಇತಿಹಾಸದ ಮೇಷ್ಟ್ರು ಪಾಣಿಪತ್ತಿನ ಯುದ್ಧವನ್ನು ಅರ್ಧದಲ್ಲಿ ಬಿಟ್ಟು, "ಹೋಗ್ರಪ್ಪ, ಸೈನ್ಯ ನಾಳೆವರೆಗೂ ಕಾಯುತ್ತೆ" ಎಂದು ಡಸ್ಟರು ಕೆಳಗಿಡುತ್ತಿದ್ದರು. ಯಾರು ಗೆದ್ದರೆಂದು ನಮಗೆ ಮಾರನೆಯ ದಿನವೇ ತಿಳಿಯುತ್ತಿದ್ದುದು. ನಾಟಕದ ತಾಲೀಮು, ಚರ್ಚಾಕೂಟ, ಆಟೋಟ ಎಲ್ಲ ಆಮೇಲೆ ಶುರು. ಲೈಬ್ರರಿಯಲ್ಲಿ ಪುಸ್ತಕ ಕೊಡುತ್ತಿದ್ದುದೂ ಆಮೇಲೆಯೇ. ಅವೆಲ್ಲ ಕೋಲಾರದ ಊರಿನ ಹುಡುಗರ ಪಾಲು. ಅವರ ಬಗ್ಗೆ ನನಗೆ ಹೊಟ್ಟೆಕಿಚ್ಚು ಇತ್ತು, ಅದನ್ನು ಮುಚ್ಚಿಟ್ಟುಕೊಂಡವಳೂ ಅಲ್ಲ.

ಆದರೆ ಬಸ್ಸು ನಮ್ಮದು. ಅಲ್ಲಿ ನಾವೇ ರಾಜರು. ಶ್ರೀನಿವಾಸಪುರ ಪೇಟೆಯ ನಜೀಮಾ ನನ್ನ ಜೊತೆಗಾತಿ. ಅವಳ ತಂದೆಗೆ ಮಾವಿನ ಮಂಡಿಯಲ್ಲಿ ಕೆಲಸ. ಕ್ಲಾಸಿನಲ್ಲಿ ಹಾಜರಿಗೆ "ಎಸ್ ಸಾರ್" ಎನ್ನುವುದಕ್ಕೂ ತಡವರಿಸುವ ಹುಡುಗಿ, ಬಸ್ಸು ಹತ್ತಿದಳೆಂದರೆ ಕಂಡಕ್ಟರಿಗೂ ಬಾಯಿ ಬಿಡಲು ಅವಕಾಶ ಕೊಡುತ್ತಿರಲಿಲ್ಲ. ನಮ್ಮ ಮನೆ ಶ್ರೀನಿವಾಸಪುರದಿಂದ ಇನ್ನೂ ಒಳಗಿನ ಹಳ್ಳಿಯಲ್ಲಿ. ಬೆಳಗಿನ ಜಾವ ಎದ್ದು ಹಿಪ್ಪುನೇರಳೆ ಸೊಪ್ಪು ಕುಯ್ದು, ಹುಳುಗಳಿಗೆ ಹಾಕಿ, ಮಿಂದು, ಅಪ್ಪನ ಸೈಕಲ್ಲಿನ ಹಿಂದೆ ಕೂತು ಪೇಟೆಗೆ ಬಂದರೆ ನಜೀಮಾ ಕಿಟಕಿಯಿಂದ ಕರ್ಚೀಫು ಎಸೆದು ನನಗೊಂದು ಸೀಟು ಹಿಡಿದಿಟ್ಟಿರುತ್ತಿದ್ದಳು. ಕೋಲಾರ ತಲುಪುವ ಹೊತ್ತಿಗೆ ಒಬ್ಬರ ಪಾಠವನ್ನು ಇನ್ನೊಬ್ಬರು ಕೇಳಿ, ಒಪ್ಪಿಸಿ, ಜಗಳವಾಡಿ, ನಕ್ಕು ಮುಗಿಸಿರುತ್ತಿದ್ದೆವು. ಕಾಲೇಜಿಗೆ ಹೋಗುವ ಮೊದಲೇ ಒಂದು ಕಾಲೇಜು ಮುಗಿದಿರುತ್ತಿತ್ತು.

ಮಳೆ ಹಿಂದಾಗಿ ರಾಗಿ ತೆನೆ ಬಲಿಯುತ್ತಿದ್ದಾಗ ನೋಟೀಸ್ ಬೋರ್ಡಿನ ಮೇಲೆ ಒಂದು ಹಾಳೆ ಬಿತ್ತು. ಕೋಣೆಗಳು ಸಾಲದೆ ಹುಡುಗರು ನಿಂತು ಪಾಠ ಕೇಳುತ್ತಿರುವುದರಿಂದ ಬರುವ ಜೂನಿನಿಂದ ಕಲಾ ವಿಭಾಗವನ್ನು ಬೆಳಿಗ್ಗೆ ಏಳೂವರೆಗೆ ನಡೆಸುವ ಯೋಚನೆ ಇದೆ, ವಿಶ್ವವಿದ್ಯಾನಿಲಯದ ಸಮಿತಿಯೊಂದು ಬಂದು ವಿದ್ಯಾರ್ಥಿಗಳ ಅಭಿಪ್ರಾಯ ಕೇಳಲಿದೆ ಎಂದಿತ್ತು. ಊರಿನ ಹುಡುಗರು ಕುಣಿದಾಡಿದರು, ಮಧ್ಯಾಹ್ನ ಟೈಪಿಂಗಿಗೆ ಹೋಗಬಹುದು ಅಂತ. ನಾವು ಬೋರ್ಡಿನ ಮುಂದೆ ಕಲ್ಲಾಗಿ ನಿಂತೆವು. ಶ್ರೀನಿವಾಸಪುರದಿಂದ ಮೊದಲ ಬಸ್ಸು ಹೊರಡುವುದೇ ಏಳೂವರೆಗೆ.

"ಹಂಗಾದ್ರೆ ನಾವು ಮುಂಚಿನ ದಿನವೇ ಬಂದು ಬಸ್ ಸ್ಟ್ಯಾಂಡಲ್ಲಿ ಮಲ್ಕೋಬೇಕು" ಎಂದ ಮುನಿರಾಜು. ಅವನು ಮುಳಬಾಗಿಲು ಬಸ್ಸಿನ ಮುಂದಾಳು, ಉದ್ದನೆಯ ಹುಡುಗ, ಕನ್ನಡ ಮಾತಾಡಿದರೂ ತೆಲುಗಿನ ರಾಗ. ಯಾರೂ ನಗಲಿಲ್ಲ.

ಅಂದು ಸಂಜೆ ಅಪ್ಪನಿಗೆ ಹೇಳಿದೆ. ಅಪ್ಪ ಓದು ಬೇಡವೆನ್ನುವ ಮನುಷ್ಯನಲ್ಲ. ಮಗಳು ಬಿ.ಎ. ಎಂದು ಮಂಡಿಯಲ್ಲಿ, ಗಿರಣಿಯಲ್ಲಿ, ಕೇಳದವರಿಗೂ ಹೇಳಿಕೊಂಡು ಬರುತ್ತಿದ್ದವನು. ಹುಳುವಿನ ತಟ್ಟೆಗೆ ಸೊಪ್ಪು ಹರಡುತ್ತಲೇ ಕೇಳಿದ.

"ಕೋಲಾರದಾಗೆ ಹೆಣ್ಮಕ್ಕಳು ಇರೋಕೆ ಜಾಗ ಐತಾ?"

"ಹಾಸ್ಟೆಲ್ ತುಂಬೋಗಿದೆಯಂತಪ್ಪ."

"ನಮ್ಮೋರು ಅಂತ ಅಲ್ಲಿ ಯಾರೂ ಇಲ್ಲ. ಬಸ್ಸಿಲ್ದಿದ್ರೆ ಹೆಂಗಮ್ಮ ಹೋಗ್ತೀಯ?"

ಬೈದಿದ್ದರೆ ನಾನೂ ತಿರುಗಿ ಬೈಯಬಹುದಿತ್ತು. ಅವನು ಬೈಯಲಿಲ್ಲ. ಆ ರಾತ್ರಿ ಊಟ ಸೇರಲಿಲ್ಲ ನನಗೆ. ಇನ್ನೊಂದೇ ವರ್ಷ ಉಳಿದಿತ್ತು, ಅದು ಕೈಗೆ ಸಿಗದಂತೆ ಜಾರುತ್ತಿತ್ತು. ನಜೀಮಾಳದೂ ಅದೇ ಕಥೆ. ಅವಳ ಮನೆಯಲ್ಲಿ ಆಗಲೇ, "ಇಷ್ಟು ಓದಿದ್ದು ಸಾಕು" ಎನ್ನುವ ಚಿಕ್ಕಮ್ಮಂದಿರು ಬಂದು ಹೋಗಲು ಶುರು ಮಾಡಿದ್ದರು.

ಸಮಿತಿ ಬರುವ ದಿನಕ್ಕಾಗಿ ನಾವು ಕಾದದ್ದು ಅಷ್ಟಿಷ್ಟಲ್ಲ. ಯಾರು ಏನು ಹೇಳಬೇಕೆಂದು ಬಸ್ಸಿನಲ್ಲೇ ತಾಲೀಮು ನಡೆಯಿತು. ಮುನಿರಾಜು ಮುಳಬಾಗಿಲು ಬಸ್ಸಿನಲ್ಲಿ, ನಾನು ಶ್ರೀನಿವಾಸಪುರ ಬಸ್ಸಿನಲ್ಲಿ ಮಾತುಗಾರರನ್ನು ಆರಿಸಿದೆವು. ಮಧ್ಯಾಹ್ನ ಬೇವಿನ ಮರದ ಕೆಳಗೆ ಎರಡೂ ಬಸ್ಸಿನವರು ಸೇರಿ ವಾದ ಒಪ್ಪಿಸಿಕೊಳ್ಳುತ್ತಿದ್ದೆವು. ಜನ್ಮದಲ್ಲಿ ನಾನು ಅಷ್ಟು ಹುರುಪಿನಿಂದ ಯಾವ ಪರೀಕ್ಷೆಗೂ ಓದಿಲ್ಲ. ಸೊಪ್ಪು ಕುಯ್ಯುವಾಗಲೂ ನನ್ನ ಬಾಯಲ್ಲಿ ಭಾಷಣವೇ. "ಹುಳಕ್ಕೆ ಏನೇ ಹೇಳ್ತಿದೀಯ?" ಎಂದು ಅವ್ವ ನಗುತ್ತಿದ್ದಳು.

ಅವರೆಕಾಯಿಯ ಕಾಲ. ಬೆಳಗಿನ ಚಳಿಗೆ ಬಸ್ಸಿನ ಕಿಟಕಿಯ ಕಬ್ಬಿಣ ಮುಟ್ಟಿದರೆ ಕೈ ಸೆಳೆಯುತ್ತಿತ್ತು. ಸಮಿತಿ ಹನ್ನೊಂದಕ್ಕೆ ಬರುವುದೆಂದಿತ್ತು. ಹನ್ನೊಂದಾಯಿತು, ಒಂದಾಯಿತು, ಮೂರಾಯಿತು. ದಾರಿಯಲ್ಲಿ ಟೈರು ಒಡೆದಿದೆ ಎಂಬ ಸುದ್ದಿ ಬಂತು. ಕಡೆಗೆ ಬಿಳಿ ಅಂಬಾಸಿಡರ್ ಗೇಟಿನೊಳಗೆ ಬಂದಾಗ ನಾಲ್ಕು ದಾಟಿತ್ತು. ಸಫಾರಿ ಸೂಟಿನ ಹಿರಿಯ ಪ್ರೊಫೆಸರರೊಬ್ಬರು ಇಳಿದರು, ಅವರೇ ಅಧ್ಯಕ್ಷರು. ಅವರ ಹಿಂದೆ ಕೈಮಗ್ಗದ ಸೀರೆಯುಟ್ಟ ಮೇಡಂ ಒಬ್ಬರು. ಪ್ರಿನ್ಸಿಪಾಲರು ಇಬ್ಬರಿಗೂ ಹಾರ ಹಾಕಿ ಒಳಗೆ ಕರೆದೊಯ್ದರು, ಉಪ್ಪಿಟ್ಟು ಕಾಫಿ ಹೋಯಿತು. ನಾವು ಹೊರಗೆ ಕಾದೆವು. ಗೇಟಿನಲ್ಲಿ ಹಾರ್ನ್ ಶುರುವಾಯಿತು.

ಬಸ್ಸು ಹತ್ತಿದರೆ ನಮ್ಮ ಮಾತು ಕೇಳುವವರಿಲ್ಲ. ಕಾಲೇಜಿನಲ್ಲಿ ಊರಿನವರು ಮಾತ್ರ ಉಳಿಯುತ್ತಾರೆ, ಅವರ ಅಭಿಪ್ರಾಯವೇ ಎಲ್ಲರ ಅಭಿಪ್ರಾಯವಾಗುತ್ತದೆ. ಹತ್ತದಿದ್ದರೆ ಮನೆಗೆ ಹೋಗುವ ದಾರಿಯಿಲ್ಲ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಗೇಟಿನ ಕಡೆ ಹೆಜ್ಜೆ ಹಾಕತೊಡಗಿದರು. ನನಗೆ ಎಲ್ಲಿತ್ತೋ ಸಿಟ್ಟು, ಸೀದಾ ಪ್ರಿನ್ಸಿಪಾಲರ ಕೋಣೆಗೆ ನುಗ್ಗಿದೆ.

"ಸಾರ್, ನಮ್ಮನ್ನ ಈಗಲೇ ಕೇಳಿ ಸಾರ್."

ಪ್ರಿನ್ಸಿಪಾಲರ ಕಣ್ಣು ಕೆಂಪಗಾಯಿತು. "ಏನಮ್ಮಾ ಇದು? ಕಾಫಿ ಕುಡೀತಾ ಇದಾರೆ, ಕಾಣಲ್ವಾ?"

"ಬಸ್ಸು ಹೋಗುತ್ತೆ ಸಾರ್."

ಅಧ್ಯಕ್ಷರು ಚಮಚ ಕೆಳಗಿಟ್ಟು ಹೇಳಿದರು. "ಹೋಗಲಿ ಬಿಡಮ್ಮ. ಮುಂದಿನ ಬಸ್ಸಿಗೆ ಹೋದರಾಯಿತು."

"ಮುಂದಿನ ಬಸ್ಸು ನಾಳೆ ಬೆಳಿಗ್ಗೆ ಸಾರ್."

ಮೇಡಂ ಕಿಸಕ್ಕನೆ ನಕ್ಕರು. ಆ ನಗುವೇ ನನಗೆ ಧೈರ್ಯ ಕೊಟ್ಟಿತು. "ನೀವೂ ಬಸ್ಸಿಗೆ ಬನ್ನಿ ಮೇಡಂ. ಶ್ರೀನಿವಾಸಪುರಕ್ಕೆ ಒಂದು ಗಂಟೆ ಆಗುತ್ತೆ. ದಾರೀಲಿ ಎಲ್ಲ ಹೇಳಿಬಿಡ್ತೀವಿ. ನಿಮ್ ಕಾರು ಹಿಂದೆ ಬರಲಿ" ಎಂದೆ. ಮಾತು ಬಾಯಿಂದ ಹೊರಬಿದ್ದ ಮೇಲೆ ನನಗೇ ಗಾಬರಿಯಾಯಿತು. ಪ್ರಿನ್ಸಿಪಾಲರು ಬೆವರು ಒರೆಸಿಕೊಂಡರು. ಮೇಡಂ ಕಾಫಿ ಲೋಟ ಮೇಜಿನ ಮೇಲಿಟ್ಟು ಎದ್ದರು. "ಸರ್, ಊರಿನ ಮಕ್ಕಳನ್ನು ವಾಪಸು ಬಂದು ಕೇಳೋಣ. ಇವರನ್ನು ಈಗ ಬಿಟ್ಟರೆ ಸಿಗುವುದಿಲ್ಲ" ಎಂದರು.

ಹಿರಿಯರು ಬಸ್ಸಿನ ಮೆಟ್ಟಿಲು ಹತ್ತುವಾಗ ಆದ ಗಲಾಟೆ ನೋಡಬೇಕಿತ್ತು! ಸುದ್ದಿ ಕೇಳಿ ಮುನಿರಾಜು, "ಪದಂಡ್ರಾ, ಪದಂಡಿ! ನಡೀರೋ, ನಡೀರಿ!" ಎಂದು ಕೂಗಿ ತನ್ನ ಕಡೆಯವರನ್ನೆಲ್ಲ ನಮ್ಮ ಬಸ್ಸಿಗೇ ಹತ್ತಿಸಿದ. ಹುತ್ತೂರಿನ ಕಡೆಯವರೂ ಮಾಲೂರಿನ ಇಬ್ಬರೂ ಅವರ ಹಿಂದೆಯೇ ನುಗ್ಗಿದರು. ತಮ್ಮ ಬಸ್ಸುಗಳು ಪಕ್ಕದಲ್ಲೇ ನಿಂತು ಹಾರ್ನ್ ಹೊಡೆಯುತ್ತಿದ್ದುದು ಒಬ್ಬರ ಕಿವಿಗೂ ಬೀಳಲಿಲ್ಲ. ನಾವು ಅರ್ಧ ದಾರಿ ಹೋದ ಮೇಲೆಯೇ ಒಬ್ಬನಿಗೆ, "ಅಯ್ಯೋ, ನಮ್ಮೂರು ಆಕಡೆ ಅಲ್ವೇನ್ಲಾ?" ಎಂಬ ಜ್ಞಾನೋದಯವಾದದ್ದು. ಅಷ್ಟರಲ್ಲಿ ಕಂಡಕ್ಟರು ಅಧ್ಯಕ್ಷರಿಗೂ ಟಿಕೆಟ್ ಹರಿದು ಕೊಟ್ಟಿದ್ದ. ಅಧ್ಯಕ್ಷರಿಗೆ ಸೀಟೇನೋ ಸಿಕ್ಕಿತು, ಅದರ ಜೊತೆಗೆ ಪಕ್ಕದ ಅಜ್ಜಿಯ ಅವರೆಕಾಯಿ ಬುಟ್ಟಿಯೂ ತೊಡೆಯ ಮೇಲೆ ಬಂತು. "ವಸಿ ಹಿಡ್ಕೊಳಪ್ಪ" ಎಂದು ಅಜ್ಜಿ ಅವರನ್ನು ಮಾತಾಡಿಸಿದ್ದಳು.

ಮೇಡಂ ಕೂರಲಿಲ್ಲ. ಮಧ್ಯದಲ್ಲಿ ಕಂಬಿ ಹಿಡಿದು ನಿಂತು, ಗಾಲಿಯ ಸದ್ದನ್ನು ಮೀರಿಸಿ ಕೂಗಿದರು. "ಹೇಳಿ, ನಿಮ್ಮ ಕಾಲೇಜು ಹೇಗಿದೆ?"

ತಾಲೀಮು ಮಾಡಿಸಿದ್ದ ಭಾಷಣಗಳೆಲ್ಲ ಆ ಕ್ಷಣಕ್ಕೆ ಮರೆತೇ ಹೋದವು. ಎಲ್ಲರೂ ಒಟ್ಟಿಗೆ ಬಾಯಿ ಹಾಕಿದರು.

"ಲೈಬ್ರರೀಲಿ ಪುಸ್ತಕ ಕೊಡೋದು ಸಂಜೆ ಮೇಡಂ. ಎರಡು ವರ್ಷ ಆಯ್ತು, ಒಂದು ಪುಸ್ತಕ ಮುಟ್ಟಿಲ್ಲ."

"ನಂಗೆ ಈ ಕಾಲೇಜು ಇಷ್ಟಾನೇ ಇಲ್ಲ ಮೇಡಂ" ಎಂದ ಹುತ್ತೂರಿನ ಕಡೆಯ ಹುಡುಗನೊಬ್ಬ. "ಮೇಷ್ಟ್ರಿಗೆ ನನ್ನ ಹೆಸರು ಗೊತ್ತಿಲ್ಲ. ಏಯ್ ಕೊನೇ ಬೆಂಚು ಅಂತಾರೆ. ಅದೇ ನನ್ ಹೆಸರು."

"ನಮ್ಮನ್ನ ತೆಲುಗಿನೋರು ಅಂತಾರೆ ಮೇಡಂ" ಎಂದ ಮುನಿರಾಜು. "ನಮ್ಮೂರಿಗೆ ಹೋದ್ರೆ, ವೀಡು ಕನ್ನಡಂ ಚದುವುತಾಡು ಅಂತ ನಗ್ತಾರೆ, ಇವನು ಕನ್ನಡ ಓದೋನು ಅಂತ. ಆದ್ರೂ ನಮ್ ಬಸ್ಸು ಇರೋದ್ರಿಂದ ಬರ್ತಾ ಇದೀವಿ. ಬಸ್ಸಲ್ಲಿ ಯಾರೂ ಏನೂ ಅನ್ನಲ್ಲ."

ಆಗ ನಜೀಮಾ ಎದ್ದು ನಿಂತಳು. ಹಾಜರಿಗೆ ತಡವರಿಸುವ ಅದೇ ನಜೀಮಾ. "ಮೇಡಂ, ನಮ್ ಮನೇಲಿ ಉರ್ದು, ಬೀದೀಲಿ ತೆಲುಗು, ಕ್ಲಾಸಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷು. ನಾಲ್ಕನ್ನೂ ಹೆದರ್ದೆ ಮಾತಾಡೋದು ಇಲ್ಲಿ ಮಾತ್ರ. ಮೇಷ್ಟ್ರು ಹೇಳಿದ್ದು ಅರ್ಥ ಆಗ್ದಿದ್ರೆ ಇವಳು ಹೇಳಿಕೊಡ್ತಾಳೆ. ಇವಳಿಗೆ ಅರ್ಥ ಆಗ್ದಿದ್ರೆ ನಾನು. ನಾವು ಪಾಸಾಗಿರೋದು ಈ ಬಸ್ಸಿಂದ."

ಚಪ್ಪಾಳೆ ಬಿತ್ತು, ಶಿಳ್ಳೆ ಬಿತ್ತು. ಡ್ರೈವರು ಕೂಡ ಒಂದು ಹಾರ್ನ್ ಸೇರಿಸಿದ. ನನಗೆ ಅವಳನ್ನು ತಬ್ಬಿಕೊಳ್ಳುವಷ್ಟು ಹೆಮ್ಮೆಯಾಯಿತು, ಆದರೆ ಆ ನೂಕುನುಗ್ಗಲಲ್ಲಿ ಕೈ ಆಡಿಸಲೂ ಜಾಗವಿರಲಿಲ್ಲ. ಅಷ್ಟು ಹೊತ್ತೂ ಸುಮ್ಮನಿದ್ದ ಅಧ್ಯಕ್ಷರು ಅವರೆಕಾಯಿ ಬುಟ್ಟಿಯ ಮೇಲಿಂದ ತಲೆಯೆತ್ತಿ ಒಂದೇ ಪ್ರಶ್ನೆ ಕೇಳಿದರು.

"ಬೆಳಿಗ್ಗೆ ಏಳೂವರೆಗೆ ಕಾಲೇಜು ಮಾಡಿದರೆ ನೀವೇನು ಮಾಡುತ್ತೀರಿ?"

ಆ ಉತ್ತರವನ್ನು ಯಾರೂ ತಾಲೀಮು ಮಾಡಿರಲಿಲ್ಲ. ಎಲ್ಲರೂ ನನ್ನನ್ನು ನೋಡಿದರು.

"ಓದು ನಿಲ್ಲಿಸ್ತೀನಿ ಸಾರ್" ಎಂದೆ. ಅದುವರೆಗೆ ಆ ಮಾತನ್ನು ನಾನು ಜೋರಾಗಿ ಹೇಳಿಯೇ ಇರಲಿಲ್ಲ. "ಬರೋಕೆ ಬಸ್ಸಿಲ್ಲ, ಇರೋಕೆ ಮನೆಯಿಲ್ಲ. ಇನ್ನೊಂದು ವರ್ಷ ಇದೆ ನಂದು. ನಿಲ್ಲಿಸ್ತೀನಿ."

"ಇನ್ನೂ ಯಾರ್ಯಾರು ನಿಲ್ಲಿಸುತ್ತೀರಿ? ಕೈ ಎತ್ತಿ."

ಬಸ್ಸಿನಲ್ಲಿ ನಿಂತು ಓಡಾಡುವವರು ಏನೇ ಆದರೂ ಕಂಬಿ ಬಿಡುವುದಿಲ್ಲ. ಅದು ನಮಗೆ ಮೈಗೂಡಿದ ಪಾಠ, ನಿದ್ದೆಯಲ್ಲೂ ಕೈ ಸಡಿಲಾಗುತ್ತಿರಲಿಲ್ಲ. ಆದರೆ ಅಂದು, ಅಷ್ಟು ದೊಡ್ಡವರು ಕೇಳಿದರೆಂದು, ನಿಂತಿದ್ದವರೆಲ್ಲ ಒಟ್ಟಿಗೆ ಕಂಬಿ ಬಿಟ್ಟು ಕೈ ಎತ್ತಿಬಿಟ್ಟರು. ಕೆಲವರು ಉತ್ಸಾಹದಲ್ಲಿ ಎರಡೂ ಕೈ ಎತ್ತಿದರು. ಅದೇ ಹೊತ್ತಿಗೆ ಮುಂದೆ ಟಾರು ರಸ್ತೆಯ ಮೇಲೆ ರೈತರು ಒಕ್ಕಣೆಗೆಂದು ರಾಗಿ ತೆನೆ ಹರಡಿದ್ದರು, ಬರುವ ಹೋಗುವ ಗಾಡಿಗಳು ತುಳಿಯಲಿ ಅಂತ. ಡ್ರೈವರು ಬ್ರೇಕು ಹಾಕಿದ. ಬಸ್ಸು ಹುಲ್ಲಿನ ಮೇಲೆ ಸರ್ರನೆ ಜಾರಿ ನಿಂತಿತು. ಇಡೀ ಮುಳಬಾಗಿಲು ಶ್ರೀನಿವಾಸಪುರದ ಮೇಲೆ ಬಿತ್ತು. ಮುನಿರಾಜು ಅಷ್ಟುದ್ದ ಹೋಗಿ ಅಧ್ಯಕ್ಷರ ಮಡಿಲಿಗೆ ಬಿದ್ದ. ಅವರೆಕಾಯಿ ಬಸ್ಸಿನ ತುಂಬ ಚೆಲ್ಲಿತು. ಮೇಡಂ ನನ್ನ ಮೇಲೆ, ನಾನು ನಜೀಮಾಳ ಮೇಲೆ.

ಆಮೇಲೆ ಯಾರೋ ನಕ್ಕರು. ಮೊದಲು ನಕ್ಕವರು ಅಧ್ಯಕ್ಷರೇ ಎಂದು ಮುನಿರಾಜು ಕಾಲೇಜು ಮುಗಿಯುವವರೆಗೂ ಸಾಧಿಸುತ್ತಿದ್ದ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡು, "ಸಾಕು ಸಾಕು, ಕೈ ಇಳಿಸಿ, ಕಂಬಿ ಹಿಡಿದುಕೊಳ್ಳಿ. ನನಗೆ ಗೊತ್ತಾಯಿತು" ಎಂದರು. ಶ್ರೀನಿವಾಸಪುರ ಬರುವವರೆಗೂ ಅಧ್ಯಕ್ಷರಿಂದ ಹಿಡಿದು ಎಲ್ಲರೂ ಬಗ್ಗಿ ಅಜ್ಜಿಯ ಅವರೆಕಾಯಿ ಆರಿಸಿದೆವು.

ದಾರಿ ತಪ್ಪಿ ಬಂದಿದ್ದವರಲ್ಲಿ ಕೆಲವರು ಅಂಬಾಸಿಡರಿಗೆ ತುರುಕಿಕೊಂಡು ಸಮಿತಿಯ ಜೊತೆ ಕೋಲಾರಕ್ಕೆ ಮರಳಿದರು. ಉಳಿದವರು ನಮ್ಮ ಮನೆಗಳಲ್ಲಿ ಹಂಚಿಹೋದರು. ಮುನಿರಾಜು ಮತ್ತು ಅವನ ಗೆಳೆಯರಿಬ್ಬರು ನಮ್ಮ ಹಳ್ಳಿಗೆ ಬಂದರು. ಅವ್ವ ಮುದ್ದೆ, ಹಿತಕಿದವರೆ ಸಾರು ಬಡಿಸಿದಳು. ಅಪ್ಪ ಅವರನ್ನು ಕೂರಿಸಿಕೊಂಡು ನಡೆದುದನ್ನೆಲ್ಲ ಕೇಳಿದ. ನಾನು "ನಿಲ್ಲಿಸ್ತೀನಿ" ಎಂದದ್ದನ್ನು ಮುನಿರಾಜು ಹೇಳಿದಾಗ ಅಪ್ಪ ತುತ್ತು ಕೈಯಲ್ಲೇ ಹಿಡಿದು ನನ್ನ ಕಡೆ ತಿರುಗಿದ. "ದೊಡ್ಡೋರ ಎದುರಿಗೆ ಅಂದ್ಯಾ?" ಎಂದಷ್ಟೇ ಕೇಳಿದ. ಹೂಂ ಎಂದೆ.

ಆಮೇಲಿನ ತಿಂಗಳುಗಳು ಕಾಯುವುದರಲ್ಲೇ ಹೋದವು. ಮಾವು ಹೂ ಬಿಟ್ಟು, ಹೂ ಪಿಂದೆಯಾಗಿ, ಪರೀಕ್ಷೆಯ ವೇಳಾಪಟ್ಟಿ ಬರುವ ಹೊತ್ತಿಗೆ ಬೋರ್ಡಿನ ಮೇಲೆ ಹೊಸ ಹಾಳೆ ಬಿತ್ತು. ಕಲಾ ವಿಭಾಗದ ವೇಳೆ ಈಗಿರುವಂತೆಯೇ ಇರುತ್ತದೆ. ಬೆಳಗಿನ ತರಗತಿ ಊರಿನಲ್ಲಿದ್ದು ಬಯಸಿದವರಿಗೆ ಮಾತ್ರ. ಜೂನಿನಿಂದ ಮುಳಬಾಗಿಲಿಗೂ ಶ್ರೀನಿವಾಸಪುರಕ್ಕೂ ಸಂಜೆ ತಡವಾಗಿ ಒಂದೊಂದು ಬಸ್ಸು ಬಿಡಲು ಸಾರಿಗೆಯವರು ಒಪ್ಪಿದ್ದಾರೆ. ನಾನು ಓದಿದೆ, ನಜೀಮಾ ಓದಿದಳು, ಒಬ್ಬರ ಕೈ ಒಬ್ಬರು ಹಿಡಿದು ಅಲ್ಲೇ ಕುಣಿದೆವು. ಪ್ರಿನ್ಸಿಪಾಲರು ಕಿಟಕಿಯಿಂದ ನೋಡಿದರು. ಬೈಯುತ್ತಾರೆಂದುಕೊಂಡೆವು, ಬೈಯಲಿಲ್ಲ.

ಜೂನಿನ ಮೊದಲ ಮಳೆಗೆ ಮೂರನೇ ವರ್ಷದ ಬಿ.ಎ. ಶುರುವಾಯಿತು. ಕ್ಲಾಸು ಮುಗಿಸಿ ನಾವಿಬ್ಬರೂ ಬೇವಿನ ಮರದ ಕಟ್ಟೆಯ ಮೇಲೆ ಕೂತಿದ್ದೆವು. ನಾಲ್ಕೂವರೆಯ ಬಸ್ಸು ಕೂಗಿತು. ಎರಡು ವರ್ಷದ ಅಭ್ಯಾಸಕ್ಕೆ ನಾನು ಚಂಗನೆ ಎದ್ದೆ. ನಜೀಮಾ ಸೆರಗು ಹಿಡಿದು ಕೂರಿಸಿದಳು.

"ಹೋಗ್ಲಿ ಬಿಡೇ. ನಮಗಿನ್ನೊಂದೈತೆ."

ಬಸ್ಸು ಹೋಯಿತು. ಲೈಬ್ರರಿಯ ಬಾಗಿಲು ತೆರೆಯಿತು. ಪಕ್ಕದ ಕೋಣೆಯಲ್ಲಿ ಯಾರೋ ನಾಟಕದ ಮಾತು ಒಪ್ಪಿಸತೊಡಗಿದರು, ಮೈದಾನದಲ್ಲಿ ಚೆಂಡಿನ ಸದ್ದು ಕೇಳಿತು. ಮಳೆ ನಿಂತ ಆಕಾಶದ ಬೆಳಕು ಕಟ್ಟಡದ ಹಳದಿ ಗೋಡೆಯ ಮೇಲೆ ಬಿದ್ದಿತ್ತು. ನಜೀಮಾ ಸುತ್ತ ನೋಡಿ, "ಇಷ್ಟು ಚೆನ್ನಾಗಿದ್ಯೇನೇ ನಮ್ ಕಾಲೇಜು?" ಎಂದಳು. ಅಲ್ಲಿ ಸಂಜೆಯಾಗುವುದನ್ನು ನಾನೂ ಅಂದೇ ಮೊದಲು ನೋಡುತ್ತಿದ್ದೆ.